ಬದಲಿ ಬರುವವರೆಗೆ

ಆ ಮಧ್ಯಾಹ್ನ ಹಳೆಯ ಕಡತಗಳ ಕೋಣೆಯಲ್ಲಿ ಊಟಕ್ಕೆ ಕೂತಿದ್ದವರು ನಾವು ನಾಲ್ಕು ಜನ. ಬಾಗಿಲಿಗೆ ಬೆನ್ನು ಹಾಕಿ ನಾನು, ಓದಿದ್ದು ಭೌತಶಾಸ್ತ್ರ. ಎದುರಿಗೆ ನಮ್ಮ ಸೂಪರಿಂಟೆಂಡೆಂಟ್, ಮಹಡಿಯವರೆಲ್ಲ ಅಕ್ಕಾ ಎಂದೇ ಕರೆಯುವ ತಮಿಳು ಹೆಂಗಸು, ಅವರದು ರಸಾಯನಶಾಸ್ತ್ರ. ಕಿಟಕಿ ಪಕ್ಕ ನನ್ನ ಚಿಕ್ಕಪ್ಪನ ಮಗಳು. ಅವಳದು ಕಡಲ ಜೀವಶಾಸ್ತ್ರ. ನಾಲ್ಕನೆಯವರು ನಮ್ಮೆಲ್ಲರ ಮೇಲಧಿಕಾರಿ. ದಿನಾ ತಮ್ಮ ಕೊಠಡಿಯಲ್ಲೇ ಉಣ್ಣುವವರು, ಅವತ್ತು ಎ.ಸಿ. ಕೆಟ್ಟಿತ್ತೆಂದು ಡಬ್ಬಿ ಹಿಡಿದುಕೊಂಡು ನಮ್ಮ ನಡುವೆ ಬಂದು ಕೂತಿದ್ದರು. ಅವರದೂ ರಸಾಯನಶಾಸ್ತ್ರವೇ, ಅದೂ ಚಿನ್ನದ ಪದಕದ ಸಮೇತ.

ಚೆನ್ನೈನ ಯಾವ ಸರಕಾರಿ ಕಚೇರಿಯ ಊಟದ ಮೇಜಿಗೆ ಹೋದರೂ ಇಂಥ ಗುಂಪು ಸಿಕ್ಕೇ ಸಿಗುತ್ತದೆ. "ನಮ್ಮ ಮಹಡಿಯ ಡಿಗ್ರಿಗಳನ್ನೆಲ್ಲ ಒಟ್ಟು ಹಾಕಿದ್ರೆ ಒಂದು ಉಪಗ್ರಹ ಹಾರಿಸಬಹುದು. ಫ್ಯಾನ್ ರಿಪೇರಿ ಮಾಡಿಸೋಕೆ ಮಾತ್ರ ಮೂರು ಸಹಿ ಬೇಕು" ಎಂದು ಅಕ್ಕ ಆಗಾಗ ಹೇಳುತ್ತಿದ್ದರು. ನಮ್ಮನ್ನು ಯಾರೂ ಬಲವಂತದಿಂದ ಎಳೆದು ತಂದು ಕೂರಿಸಿದ್ದಲ್ಲ. ಪ್ರಯೋಗಶಾಲೆಗಳಲ್ಲಿ ಕೆಲಸ ಇರಲಿಲ್ಲ. ಇದ್ದದ್ದೂ ವರ್ಷಕ್ಕೊಮ್ಮೆ ಮುಗಿದುಹೋಗುವ ಕೆಲಸ. ನಮಗೆ ಪರೀಕ್ಷೆ ಬರೆಯುವುದು ಚೆನ್ನಾಗಿ ಬರುತ್ತಿತ್ತು, ಬರೆದೆವು, ಪಾಸಾದೆವು. ಎರಡು ವರ್ಷ ಇದ್ದು ನೋಡೋಣ ಎಂದುಕೊಂಡೇ ಎಲ್ಲರೂ ಒಳಗೆ ಬಂದದ್ದು. ಈಗ ಒಬ್ಬೊಬ್ಬರಿಗೂ ಕನ್ನಡಕದ ನಂಬರು ಏರುತ್ತಿದೆ.

ನನ್ನ ತಂಗಿಯ ಕಥೆ ಸ್ವಲ್ಪ ಬೇರೆ. ಚಿಕ್ಕಪ್ಪನ ಮಗಳಾದರೂ ನಾನು ಅವಳನ್ನು ತಂಗಿ ಎಂದೇ ಹೇಳುವುದು. ನಮ್ಮ ಮನೆತನ ಚಿತ್ರದುರ್ಗದ ಕಡೆಯದು, ತಾತನ ಕಾಲದಲ್ಲಿ ಜವಳಿ ವ್ಯಾಪಾರಕ್ಕೆಂದು ಬಂದು ಈ ಊರಲ್ಲೇ ನಿಂತವರು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಮನೆಯೊಳಗೆ ಮೊಟ್ಟೆಯ ಹೆಸರೂ ಇಲ್ಲ. ಅಂಥ ಮನೆಯ ಹುಡುಗಿ ಮೀನಿನ ಬಗ್ಗೆ ಓದುತ್ತೇನೆ ಎಂದಾಗ ಚಿಕ್ಕಮ್ಮ ಅವಳ ಜೊತೆ ಮಾತು ಬಿಟ್ಟರು. "ಮೀನು ಮುಟ್ಟಿದ ಕೈಯಾಗೆ ಲಿಂಗ ಮುಟ್ತೀಯೇನೆ?" ಎಂದು ಗೋಡೆಯ ಕಡೆ ತಿರುಗಿ ಕೇಳುತ್ತಿದ್ದರು. ಕೊನೆಗೆ ತೀರ್ಮಾನ ಕೊಟ್ಟವಳು ಅಜ್ಜಿ. ನಮಗಿಬ್ಬರಿಗೂ ಕನ್ನಡ ಕಲಿಸಿದವಳೂ ಅವಳೇ. ಶಾಲೆಯಲ್ಲೆಲ್ಲ ತಮಿಳು, ಅವಳ ಮುಂದೆ ತಮಿಳಿನಲ್ಲಿ ಬಾಯಿ ಬಿಟ್ಟರೆ ತಟ್ಟೆಗೆ ಅನ್ನ ಬೀಳುತ್ತಿರಲಿಲ್ಲ. "ತಿನ್ನಾಕೆ ಹೋಗ್ತಾಳೇನೆ? ನೋಡಾಕೆ ಹೋಗ್ತಾಳೆ. ಶಿವ ಮಾಡಿದ್ದನ್ನ ನೋಡಬ್ಯಾಡ ಅಂತ ಯಾವ ಶರಣ್ರು ಹೇಳವ್ರೆ?" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು. ತಂಗಿ ಕಾಲೇಜಿಂದ ಬಂದರೆ ನೇರ ಬಚ್ಚಲಿಗೆ, ಸ್ನಾನವಾದ ಮೇಲೇ ಅಡುಗೆಮನೆಗೆ ಎಂಬ ಒಪ್ಪಂದವಾಯಿತು.

ಅವಳಿಗೆ ಹುಚ್ಚಿದ್ದದ್ದು ಮೀನಿನ ಕಿವಿಯೊಳಗಿನ ಕಲ್ಲಿನ ಮೇಲೆ. ಮೀನಿನ ತಲೆಯೊಳಗೆ ಅಕ್ಕಿಕಾಳಿನಷ್ಟು ಬಿಳಿಯ ಕಲ್ಲಿರುತ್ತದಂತೆ. ಅದನ್ನು ತೆಳ್ಳಗೆ ತಿಕ್ಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರದ ಕಾಂಡದಲ್ಲಿರುವಂತೆ ಉಂಗುರಗಳು ಕಾಣುತ್ತವೆ, ಅವನ್ನೆಣಿಸಿ ಮೀನಿನ ವಯಸ್ಸು ಹೇಳಬಹುದು. ಕಾಸಿಮೇಡಿನ ಬಂದರಿನಲ್ಲಿ ಬೆಳಕು ಹರಿಯುವ ಮುಂಚೆ ಮೀನಿನ ಹರಾಜು ನಡೆಯುತ್ತದಲ್ಲ, ಅಲ್ಲಿಗೆ ಹೋಗಿ ತಲೆಗಳನ್ನು ಬೇಡಿ ತರುತ್ತಿದ್ದಳು. "ತಿನ್ನೋದಿಲ್ಲ, ಕೊಳ್ಳೋದಿಲ್ಲ, ತಲೆ ಮಾತ್ರ ಕೇಳ್ತಾಳೆ, ಇದೆಂಥ ಗಿರಾಕಿ" ಎಂದು ಅಲ್ಲಿನ ಹೆಂಗಸರು ನಗಾಡುತ್ತಲೇ ಅವಳ ಚೀಲ ತುಂಬಿಸುತ್ತಿದ್ದರು. ಓದು ಮುಗಿಯುವ ಹೊತ್ತಿಗೆ ಚಿಕ್ಕಪ್ಪ ತೀರಿಕೊಂಡರು. ಅಂಗಡಿ ಆಗಲೇ ಕೈಬಿಟ್ಟು ಹೋಗಿತ್ತು. ಅವಳೂ ನನ್ನ ಹಾಗೆಯೇ ಪರೀಕ್ಷೆ ಬರೆದು ಒಳಗೆ ಬಂದಳು. ಆದರೆ ವಾಪಸ್ ಹೋಗುವ ಮಾತನ್ನು ಬಿಡಲಿಲ್ಲ. ಕಚೇರಿ ಸೇರಿದ ಮೇಲೂ ರಜೆ ದಿನಗಳಲ್ಲಿ ಕಾಸಿಮೇಡಿಗೆ ಹೋಗುತ್ತಿದ್ದಳು. ಎಲ್ಲಿ ಅರ್ಜಿ ಕರೆದರೂ ಹಾಕುತ್ತಿದ್ದಳು.

ಈ ಸಲ ಅದು ಸಿಕ್ಕಿತ್ತು. ಕಡಲ ಸಂಶೋಧನೆಯ ಒಂದು ಸಂಸ್ಥೆಯಲ್ಲಿ ಮೂರು ವರ್ಷದ ಕೆಲಸ, ಅದೇ ಮೀನು, ಅದೇ ಕಲ್ಲು. ವರ್ಷದಿಂದ ವರ್ಷಕ್ಕೆ ಬಲೆಗೆ ಬೀಳುತ್ತಿರುವುದು ಎಳೆಯ ಮೀನುಗಳೇ ಏನು ಎಂದು ಕಂಡುಹಿಡಿಯಬೇಕು. ವಯಸ್ಸಿನ ಮಿತಿ ಇದೇ ವರ್ಷಕ್ಕೆ ಕೊನೆ. ಮತ್ತೆ ಕೇಳುವ ಹಾಗಿಲ್ಲ. ತಿಂಗಳ ಕೊನೆಯೊಳಗೆ ಹೋಗಿ ಸೇರಬೇಕು, ಸೇರುವಾಗ ನಮ್ಮ ಕಚೇರಿಯಿಂದ ಬಿಡುಗಡೆಯ ಕಾಗದ, ರಿಲೀವಿಂಗ್ ಆರ್ಡರ್, ತರಬೇಕು. ಆ ಒಂದು ಕಾಗದಕ್ಕೆ ಸಹಿ ಹಾಕಬೇಕಾದವರು ನಮ್ಮ ಜೊತೆ ಕೂತು ಮೊಸರನ್ನ ಕಲೆಸುತ್ತಿದ್ದ ಮೇಲಧಿಕಾರಿ. ರಾಜೀನಾಮೆ ಬಿಸಾಕಿ ಹೋಗಬಹುದಿತ್ತಲ್ಲ ಎಂದು ಕೇಳುವವರು ಕೇಳುತ್ತಾರೆ. ರಾಜೀನಾಮೆ ಒಪ್ಪಬೇಕಾದವರೂ ಅವರೇ, ಅದಕ್ಕೆ ತಿಂಗಳುಗಟ್ಟಲೆ ಬೇಕು. ಮನೆಯಲ್ಲಿ ಚಿಕ್ಕಮ್ಮನ ಔಷಧಿ, ಬಾಡಿಗೆ ಎಲ್ಲ ನಡೆಯುವುದು ಅವಳೊಬ್ಬಳ ಸಂಬಳದಲ್ಲಿ, ಅದು ಒಂದು ತಿಂಗಳೂ ನಿಲ್ಲುವ ಹಾಗಿರಲಿಲ್ಲ.

ಮೇಲಧಿಕಾರಿ ತಾವಾಗಿಯೇ ಮಾತು ತೆಗೆದರು. ಮಾತಾಡಿದ್ದು ತಮಿಳಿನಲ್ಲಿ, ನನ್ನ ನೆನಪಿನಲ್ಲಿ ಕನ್ನಡವಾಗಿ ಕೂತಿದೆ.

"ನಿಮ್ಮ ಕಾಗದ ನೋಡಿದೆ ಅಮ್ಮಾ. ಸಂತೋಷ. ಇಂಥದು ದಿನಾ ಬರಲ್ಲ, ಬಿಡಬೇಡಿ. ನಿಮ್ಮ ಜಾಗಕ್ಕೆ ಬದಲಿ ಬರೋದು ತಡ ಆಗಬಹುದು. ಬದಲಿ ಬರೋವರೆಗೆ ಬಿಡಬಾರದು ಅಂತ ರೂಲು. ಆದರೂ ಸೀಟು ಕ್ಲೀನಾಗಿದ್ರೆ ನಾನು ಬಿಟ್ಟುಬಿಡ್ತೀನಿ. ಏನಾದರೂ ಬಾಕಿ ಇದೆಯಾ?"

ಸರಕಾರಿ ಕೆಲಸದಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ, ಏನೂ ಇಲ್ಲ ಎಂದು. 'ನಿಲ್ ಸಾರ್.' ಬಾಗಿಲಿಗೆ ಬಂದವರು ಊಟ ಆಯ್ತಾ ಎಂದು ಕೇಳಿದರೆ ಆಯ್ತು ಎನ್ನುವುದಿಲ್ಲವೇ, ಹಾಗೆ. ಕೇಳಿದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು. ಆ 'ನಿಲ್' ಒಂದಿದ್ದರೆ ಉಳಿದದ್ದನ್ನು ಮುಂದೆ ಬರುವವರು ನೋಡಿಕೊಳ್ಳುತ್ತಾರೆ.

ತಂಗಿ ಚಮಚ ಕೆಳಗಿಟ್ಟಳು. "ಇದೆ ಸಾರ್. ನೂರಾರು ಇದೆ."

ಅಕ್ಕನ ಕೈಯಲ್ಲಿದ್ದ ಹಪ್ಪಳ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು.

"ನೂರಾರಾ? ಹೋದ ವಾರ ನನಗೆ ಬಂದ ಲೆಕ್ಕದಲ್ಲಿ ಹತ್ತೋ ಹದಿನೈದೋ ಇತ್ತಲ್ಲ?"

"ಅದು ಕೆಳಗಿನ ಕಚೇರಿಗೆ ಕಳಿಸಿದ್ದನ್ನೆಲ್ಲ ಮುಗೀತು ಅಂತ ವಾರದ ಪಟ್ಟಿಯಲ್ಲಿ ಸೇರಿಸಿದ ಲೆಕ್ಕ ಸಾರ್. ಕಳಿಸಿದ್ದು ಮುಗಿದ ಹಾಗಲ್ಲ. ಅರ್ಜಿ ಹಾಕಿದ ಒಬ್ಬೊಬ್ಬರಿಗೂ ನಾನು ಫೋನ್ ಮಾಡಿ ಕೇಳಿದೆ."

ಅವಳ ಸೀಟಿಗೆ ಬರುತ್ತಿದ್ದದ್ದು ಊರಿನ ತಗ್ಗಿನಲ್ಲಿರುವ ವೇಲಚೇರಿ ಸುತ್ತಿನ ಮಳೆನೀರಿನ ಅರ್ಜಿಗಳು. ಮನೆಯೊಳಗೆ ನೀರು ನುಗ್ಗುತ್ತದೆ, ಚರಂಡಿ ಕಟ್ಟಿಕೊಂಡಿದೆ, ಹೋದ ವರ್ಷದ ಪರಿಹಾರ ಬಂದಿಲ್ಲ, ಇಂಥವು. ಆ ಸೀಟಿನಲ್ಲಿ ಮುಂಚೆ ಕೂತವರೆಲ್ಲ ಅರ್ಜಿಯನ್ನು ಕೆಳಗಿನ ಕಚೇರಿಗೆ ಕಳಿಸಿ ಕಂಪ್ಯೂಟರಿನಲ್ಲಿ 'ಮುಕ್ತಾಯ' ಎಂದು ಒತ್ತುತ್ತಿದ್ದರು. ಇವಳು ಕಳಿಸುತ್ತಿದ್ದಳು, ಒತ್ತುತ್ತಿರಲಿಲ್ಲ. ಅವಳ ಪ್ರಕಾರ ಮನೆಗೆ ನೀರು ನುಗ್ಗುವುದು ನಿಂತ ಮೇಲೆಯೇ ಅರ್ಜಿ ಮುಗಿಯುವುದು.

ಅಷ್ಟಕ್ಕೇ ಸುಮ್ಮನಾಗಿದ್ದರೂ ಆಗುತ್ತಿತ್ತೇನೋ. ಅವಳು ಹುರುಪಿನಿಂದ ಮುಂದುವರಿದಳು. ಯಾವ ಬೀದಿಯಿಂದ ಎಷ್ಟು ಅರ್ಜಿ, ಯಾವ ಕಾಲುವೆಯ ಗೋಡೆ ಎತ್ತರಿಸಿದ ಮೇಲೆ ಯಾವ ಮೂರು ಬೀದಿಗಳಿಗೆ ಹಿಂದಿನಿಂದ ನೀರು ತಿರುಗಿತು ಎಂದು ಟಿಫಿನ್ ಡಬ್ಬಿಗಳನ್ನು ಅತ್ತಿತ್ತ ಸರಿಸಿ ತೋರಿಸಿದಳು. ಅಕ್ಕನ ಸಾಂಬಾರಿನ ಡಬ್ಬಿ ಕೆರೆಯಾಯಿತು. ಮೇಜಿನಡಿ ಅಕ್ಕ ಒದ್ದದ್ದು ಅವಳಿಗೆ ತಾಗದೆ ನನಗೆ ತಾಗಿತು.

ಮೇಲಧಿಕಾರಿ ಕೊನೆಯವರೆಗೂ ಕೇಳಿದರು. ಡಬ್ಬಿ ಮುಚ್ಚಿ, ಕೈ ತೊಳೆದು ಬಂದು, "ಪಾರ್ಪೋಂ" ಎಂದರು. ನೋಡೋಣ ಎಂದು ಅರ್ಥ. ನಮ್ಮ ಕಟ್ಟಡದಲ್ಲಿ ನೋಡೋಣ ಅಂದರೆ ಆಗಲಿಲ್ಲ ಎಂದೇ ಲೆಕ್ಕ.

ಅವರು ಹೋದದ್ದೇ ಅಕ್ಕ ಶುರುಮಾಡಿದರು. "ಏಮ್ಮಾ, ನಿನ್ನ ಏನು ಕೇಳಿದ್ರು? ವೇಲಚೇರೀಲಿ ನೀರು ಹೆಂಗೆ ಹರಿಯುತ್ತೆ ಅಂತ ಕೇಳಿದ್ರಾ?"

"ಬಾಕಿ ಇದೆಯಾ ಅಂತ ಕೇಳಿದ್ರಲ್ಲ ಅಕ್ಕಾ, ಅದಕ್ಕೇ ಹೇಳಿದೆ."

"ಹೇಳಿದ್ಯಾ. ಇನ್ನು ನೀನು ಇಲ್ಲೇ ಇರು. ನಿವೃತ್ತಿ ಆದ ಮೇಲೆ ಇಬ್ಬರೂ ಸೇರಿ ಮೀನು ಹಿಡಿಯೋಣ."

ತಂಗಿ ನನ್ನ ಕಡೆ ತಿರುಗಿ ಕನ್ನಡಕ್ಕೆ ಇಳಿದಳು. ಇಬ್ಬರೇ ಇದ್ದಾಗಿನ ಭಾಷೆ ಅದು. "ಅಣ್ಣಾ, ಇದ್ದಿದ್ದನ್ನ ಇಲ್ಲ ಅಂತ ಹೆಂಗೆ ಹೇಳ್ಲಿ? ಲ್ಯಾಬಲ್ಲಿ ರೀಡಿಂಗ್ ಕದ್ದು ಬರೆದಂಗೆ ಆಗಲ್ವಾ?"

"ಅವರು ರೀಡಿಂಗ್ ಕೇಳ್ಲಿಲ್ಲ ಕಣೇ. ನಿನ್ನ ಕಳಿಸೋಕೆ ಒಂದು ನೆಪ ಕೇಳಿದ್ರು" ಎಂದೆ. ಅವಳಿಗೆ ಆಗ ಹೊಳೆಯಿತು. ಮುಖ ನೋಡಲಾಗಲಿಲ್ಲ ನನಗೆ.

ಮರುದಿನ ನಾನೇ ಅವರ ಕೊಠಡಿಗೆ ಹೋದೆ. ಕೆಟ್ಟವರಾಗಿದ್ದರೆ ಜಗಳವಾಡಿ ಬರಬಹುದಿತ್ತು. ಅವರು ಕಾಫಿ ತರಿಸಿದರು. "ನಿಮ್ಮ ತಂಗಿಯನ್ನ ನೋಡಿದ್ರೆ ನನಗೆ ನನ್ನದೇ ನೆನಪಾಗುತ್ತೆ. ನಾನೂ ವಾಪಸ್ ಹೋಗ್ತೀನಿ ಅಂದುಕೊಂಡಿದ್ದೆ. ಲ್ಯಾಬಲ್ಲಿ ದಿನಾ ಬಳಸ್ತಿದ್ದ ಅಸಿಟೋನ್ ಅಂದ್ರೆ ಈಗ ನಮ್ಮನೆಯವಳು ಉಗುರುಬಣ್ಣ ತೆಗೆಯೋ ಬಾಟಲಿ. ಒಮ್ಮೊಮ್ಮೆ ಅದರ ಮುಚ್ಚಳ ತೆಗೆದು ಮೂಸಿ ನೋಡ್ತೀನಿ. ನಗಬೇಡಿ" ಎಂದರು. ನಾನು ನಗಲಿಲ್ಲ. ಅವಳ ಜಾಗಕ್ಕೆ ಬೇರೊಬ್ಬರನ್ನು ಕೇಳಿ ಮೇಲಕ್ಕೆ ಬರೆದಿದ್ದೇನೆ, ಅಷ್ಟರೊಳಗೆ ಬಾಕಿ ಮುಗಿಸಲಿ, ಖಂಡಿತ ಬಿಡುತ್ತೇನೆ ಎಂದು ಮಾತು ಕೊಟ್ಟರು.

ಅವಳು ನಿಜವಾಗಿಯೇ ಮುಗಿಸಲು ಹೊರಟಳು. ಕೆಳಗಿನ ಕಚೇರಿಗಳಿಗೆ ತಾನೇ ಹೋಗಿ ನಿಂತಳು. ಕಚೇರಿ ಬಿಟ್ಟ ಮೇಲೆ ರೈಲು ಹತ್ತಿ ವೇಲಚೇರಿಗೆ ಹೋಗಿ ಬೀದಿ ಬೀದಿ ತಿರುಗಿದಳು. ಒಂದು ಚರಂಡಿಯ ಹೂಳು ತೆಗೆಸಿದರೆ ಆ ಬೀದಿಯ ಐದು ಅರ್ಜಿ ಮುಗಿಯುತ್ತಿದ್ದವು, ಪಕ್ಕದ ಬೀದಿಯಿಂದ ಹತ್ತು ಹೊಸದು ಬರುತ್ತಿದ್ದವು. ಅವಳು ಬಂದದ್ದನ್ನು ನೋಡಿಯೇ ಜನ ಬರೆಯುತ್ತಿದ್ದರು. ಇಷ್ಟು ವರ್ಷಕ್ಕೆ ಕೇಳುವವರೊಬ್ಬರು ಬಂದರಲ್ಲ ಎಂದು. ಒಳ್ಳೆಯ ಕೆಲಸ ಮಾಡಿದಷ್ಟೂ ಅವಳು ಆ ಕುರ್ಚಿಗೆ ಇನ್ನಷ್ಟು ಅಂಟಿಕೊಳ್ಳುತ್ತಿದ್ದಳು.

ತಿಂಗಳು ಮುಗಿಯಲು ಕೆಲವೇ ದಿನ ಉಳಿದಾಗ ಚಿಕ್ಕಮ್ಮ ನನಗೆ ಫೋನ್ ಮಾಡಿದರು. "ಏನಪ್ಪಾ, ನಮ್ಮುಡುಗೀನ ಯಾಕೆ ಬಿಡ್ತಿಲ್ಲ ಅವ್ರು?"

"ಅವಳು ಚೆನ್ನಾಗಿ ಕೆಲಸ ಮಾಡ್ತಾಳೆ ಚಿಕ್ಕಮ್ಮಾ, ಅದಕ್ಕೆ."

"ಇದೆಂಥ ನ್ಯಾಯ ಕಣಪ್ಪಾ. ಅವತ್ತು ಮೀನು ಬ್ಯಾಡ ಅಂತ ಹಟ ಮಾಡಿದೋಳು ನಾನೇ. ಈಗ ನಾನೇ ಕೇಳ್ಕೊಂತೀನಿ, ಹೆಂಗಾರ ಮಾಡಿ ಅವಳನ್ನ ಬಿಡಿಸು. ರಾತ್ರಿ ಉಂಡಂಗೆ ಮಾಡಿ ಎದ್ದು ಹೋಗ್ತಾಳೆ. ತಟ್ಟೇಲಿ ಎಲ್ಲ ಹಂಗೇ ಇರ್ತೈತೆ."

ಅವತ್ತೇ ಮಧ್ಯಾಹ್ನ ಅಕ್ಕ ಅವಳ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. "ಸಾಕು. ಒತ್ತು" ಎಂದರು. ಕಳಿಸಿದ್ದಕ್ಕೆಲ್ಲ 'ಮುಕ್ತಾಯ' ಒತ್ತಿದರೆ ಸಂಜೆಯೊಳಗೆ ಸೀಟು ಕ್ಲೀನ್. ಎಲ್ಲರೂ ಮಾಡುವುದೇ ಅದು, ಕಾನೂನಿನಲ್ಲಿ ತಪ್ಪೂ ಇಲ್ಲ. ತಂಗಿ ಪರದೆಯನ್ನು ಎಷ್ಟೋ ಹೊತ್ತು ನೋಡುತ್ತ ಕೂತಳು. ಆಮೇಲೆ ಒತ್ತಿದಳು. ಮೊದಲಿನ ಕೆಲವು ನಿಧಾನವಾಗಿ, ಒಂದೊಂದರ ವಿಳಾಸ ಓದಿಕೊಂಡು. ಆಮೇಲಾಮೇಲೆ ಓದದೆ.

ಒಂದು ವಿಷಯ ನಾವು ಮೂವರೂ ಮರೆತಿದ್ದೆವು. ಹೀಗೆ ಒತ್ತಿದ ತಕ್ಷಣ ಅರ್ಜಿ ಹಾಕಿದವರ ಮೊಬೈಲಿಗೆ ತಾನಾಗಿಯೇ ಒಂದು ಸಂದೇಶ ಹೋಗುತ್ತದೆ, ನಿಮ್ಮ ಮನವಿ ಮುಕ್ತಾಯಗೊಂಡಿದೆ ಎಂದು. ಬೇರೆಯವರ ಸೀಟಿನಲ್ಲಾದರೆ ಯಾರೂ ತಿರುಗಿ ಕೇಳುತ್ತಿರಲಿಲ್ಲ. ಇವಳ ನಂಬರು ಆ ಬೀದಿಗಳಲ್ಲೆಲ್ಲ ಇತ್ತು. ಫೋನು ಬಡಿದುಕೊಳ್ಳತೊಡಗಿತು. ಮೊದಲನೆಯದನ್ನು ಅವಳು ಎತ್ತಿದಳು. ವಯಸ್ಸಾದ ಹೆಂಗಸಿನ ದನಿ ನನಗೂ ಕೇಳುತ್ತಿತ್ತು. "ಮುಗೀತು ಅಂತ ಬಂದಿದೆಯಲ್ಲಮ್ಮಾ. ಏನು ಮುಗೀತು? ಹಿಂದಿನ ಕಾಲುವೆ ಗೋಡೆ ಹಂಗೇ ಇದೆ. ಮಳೆ ಬಂದ್ರೆ ನಾನು ಮಂಚ ಎಲ್ಲಿಗೆ ಎತ್ತಿಡಲಿ?" ಗದರಿಕೆಯಲ್ಲ, ನಿಜಕ್ಕೂ ತಿಳಿದುಕೊಳ್ಳಲು ಕೇಳುತ್ತಿದ್ದಳು ಆಕೆ. ತಂಗಿ ಫೋನ್ ಇಟ್ಟಳು. ಅದು ಮತ್ತೆ ಹೊಡೆಯಿತು. ಅಕ್ಕ ಅದನ್ನು ಸೈಲೆಂಟಿಗೆ ಹಾಕಿ ತಮ್ಮ ಕೈಚೀಲದೊಳಗೆ ಇಟ್ಟುಕೊಂಡರು. "ಉಳಿದದ್ದು ಒತ್ತು" ಎಂದರು, ಮೆಲ್ಲಗೆ. ಒತ್ತಿದಳು.

ಸಂಜೆ ನಾವಿಬ್ಬರೂ ಮೇಲಧಿಕಾರಿಯ ಮುಂದೆ ನಿಂತೆವು. ತಂಗಿ, "ಬಾಕಿ ನಿಲ್ ಸಾರ್" ಎಂದಳು.

ಅವರು ತಮ್ಮ ಪರದೆಯಲ್ಲಿ ನೋಡಿದರು. ಕನ್ನಡಕ ತೆಗೆದಿಟ್ಟರು. "ಅವತ್ತು ನೂರಾರು ಇದೆ ಅಂದ್ರಿ. ಇವತ್ತು ಒಂದೂ ಇಲ್ಲ ಅಂತೀರಿ."

ಅವಳು ತಾನು ತಂದಿದ್ದ ಸಂಸ್ಥೆಯ ಕಾಗದವನ್ನು ಅವರ ಕಡೆ ಸರಿಸಿದಳು.

"ನಾನು ಅವತ್ತಿನ ಮಾತನ್ನೇ ನಂಬ್ತೀನಿ ಅಮ್ಮಾ" ಎಂದರು ಅವರು. "ಎಲ್ಲರೂ ನನಗೆ ನಿಲ್ ಅಂತಲೇ ಹೇಳ್ತಾರೆ. ಹೋದ ವರ್ಷ ಆ ನಿಲ್ ನಂಬಿಕೊಂಡು ಮೊಣಕಾಲು ಮುಳುಗೋ ನೀರಲ್ಲಿ ನಿಂತು ಜನರ ಹತ್ತಿರ ಬೈಸಿಕೊಂಡೋನು ನಾನು. ಈ ಸಲ ಎಲ್ಲಿಂದ ನೀರು ಬರುತ್ತೆ ಅಂತ ಗೊತ್ತಿರೋದು ನಿಮಗೊಬ್ಬರಿಗೇ. ಮಳೆ ತಲೆ ಮೇಲೆ ಬಂದು ನಿಂತಿರೋವಾಗ ನಿಮ್ಮನ್ನ ಕಳಿಸಿ ನಾನು ಯಾರನ್ನ ಇಟ್ಟುಕೊಳ್ಳಲಿ? ಬದಲಿ ಬರಲಿ, ಬಂದ ದಿನವೇ ಬಿಡ್ತೀನಿ."

"ಸಾರ್, ಸೇರೋಕೆ ಕೊನೇ ದಿನ ನಾಡಿದ್ದು."

"ಗೊತ್ತಮ್ಮಾ" ಎಂದರು. ಅವರ ದನಿಯಲ್ಲಿ ಮರುಕವೇ ಇತ್ತು. ಅದೇ ಸಹಿಸಲಾಗಲಿಲ್ಲ ನನಗೆ.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ತಂಗಿ ಕೇಳಿದಳು, "ಅಣ್ಣಾ, ಒತ್ತಿದ್ದನ್ನ ವಾಪಸ್ ತೆಗೆಯೋಕೆ ಆಗುತ್ತಾ?" ಆಗುವುದಿಲ್ಲವೆಂದು ಅವಳಿಗೇ ನನಗಿಂತ ಚೆನ್ನಾಗಿ ಗೊತ್ತಿತ್ತು. ಅರ್ಜಿ ಹಾಕಿದವರು ಮತ್ತೆ ಹೊಸದಾಗಿ ಹಾಕಬೇಕು, ಮತ್ತೆ ಸರದಿಯ ಕೊನೆಗೆ ನಿಲ್ಲಬೇಕು. ನಾನು, "ನೋಡೋಣ" ಎಂದೆ. ನನ್ನ ಬಾಯಿಂದಲೂ ಅದೇ ಮಾತು ಬಂತು.

ಕೊನೆಯ ದಿನ ಅವಳು ಆ ಸಂಸ್ಥೆಗೆ ಫೋನ್ ಮಾಡಿ ಹದಿನೈದು ದಿನ ಕೇಳಿದಳು. ಅಲ್ಲಿನವರು ಮರ್ಯಾದೆಯಾಗಿಯೇ ಮಾತಾಡಿದರು. ಸಂಜೆ ಐದರವರೆಗೆ ಕಾಯುತ್ತೇವೆ, ಆಮೇಲೆ ಮುಂದಿನ ಹೆಸರಿನವರನ್ನು ಕರೆಯಬೇಕಾಗುತ್ತದೆ ಎಂದರು. ಐದಕ್ಕೆ ನಾನು ಅವಳ ಮೇಜಿನ ಹತ್ತಿರ ಹೋದೆ. ಅವಳು ಹೊಸದಾಗಿ ಬಂದ ಅರ್ಜಿಯೊಂದನ್ನು ಓದುತ್ತಿದ್ದಳು. ಅಕ್ಕ ಕಾಫಿ ತಂದಿಟ್ಟು ಹೋಗಿದ್ದರು. ಅದರ ಮೇಲೆ ಕೆನೆ ಕಟ್ಟಿತ್ತು.

ನನಗೆ ಬೇಸರ ಯಾರೊಬ್ಬರ ಮೇಲೆ ಎಂದು ಹೇಳಲು ಬರುವುದಿಲ್ಲ. ಮೇಲಧಿಕಾರಿ ಜನರ ಮನೆಗೆ ನೀರು ನುಗ್ಗಬಾರದೆಂದು ಅವಳನ್ನು ಹಿಡಿದಿಟ್ಟರು. ಅವಳು ಬಿಡಿಸಿಕೊಳ್ಳಲೆಂದು ಅದೇ ಜನರ ಅರ್ಜಿಗಳನ್ನು ಮುಚ್ಚಿದಳು. ಅಕ್ಕನಿಗೆ ಅವಳ ಮೇಲೆ ಪ್ರೀತಿ. ಪ್ರತಿಯೊಬ್ಬರ ತಲೆಯಲ್ಲೂ ಒಂದು ಕಾಲದಲ್ಲಿ ಓದಿದ ವಿಜ್ಞಾನ ಇತ್ತು. ಇದ್ದದ್ದನ್ನು ಇದ್ದ ಹಾಗೆ ನೋಡು, ಕಂಡದ್ದನ್ನು ಕಂಡ ಹಾಗೆ ಹೇಳು ಎಂದು ನಮಗೆ ಐದೈದು ವರ್ಷ ಕಲಿಸಿದ್ದರು. ಅದನ್ನು ಮರೆಯದೆ ಉಳಿಸಿಕೊಂಡಿದ್ದವಳು ನಮ್ಮಲ್ಲಿ ಅವಳೊಬ್ಬಳೇ. ಮರೆತ ನಾವು ಆರಾಮವಾಗಿ ಇದ್ದೇವೆ. ಇದಕ್ಕೆ ಏನನ್ನಬೇಕೋ ನನಗೆ ತಿಳಿಯದು.

ಮುಂದಿನ ತಿಂಗಳ ನಡುವೆ, ಮಳೆ ಶುರುವಾದ ವಾರದಲ್ಲೇ, ಮೇಲಿನಿಂದ ವರ್ಗಾವಣೆಯ ಆದೇಶ ಬಂತು. ಅದರಲ್ಲಿ ತಂಗಿಯ ಹೆಸರೂ ಇತ್ತು. ಪಲ್ಲಾವರಂ ಕಡೆಯ ಒಂದು ಕಚೇರಿಗೆ, ಜಮೀನಿನ ಅಳತೆಯ ವಿಭಾಗಕ್ಕೆ. ಸರಕಾರವೇ ಮಾಡಿದ ವರ್ಗಾವಣೆಯಾದ್ದರಿಂದ ಬದಲಿ ಬರುವವರೆಗೆ ಕಾಯುವ ಮಾತಿರಲಿಲ್ಲ. ಆದೇಶ ಬಂದದ್ದು ಊಟದ ಹೊತ್ತಿಗೆ, ಸಂಜೆಯೊಳಗೆ ಮೇಲಧಿಕಾರಿ ರಿಲೀವಿಂಗ್ ಆರ್ಡರಿಗೆ ಸಹಿ ಹಾಕಿದರು. ಬಾಕಿ ಇದೆಯಾ ಎಂದು ಯಾರೂ ಕೇಳಲಿಲ್ಲ. ಅವಳ ಕುರ್ಚಿ ಆ ಮಳೆಗಾಲವೆಲ್ಲ ಖಾಲಿಯಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ನಾನು ಕೊಡೆ ಹಿಡಿದುಕೊಂಡು ಸ್ಟೇಷನ್ನಿನವರೆಗೆ ಅವಳ ಜೊತೆ ಹೋದೆ. ಅವಳು ಪಲ್ಲಾವರಂ ರೈಲು ಹತ್ತಿದಳು. ಕಚೇರಿ ತೆರೆಯುವ ಮುಂಚೆಯೇ ಹೋಗಿ ಬಾಗಿಲಲ್ಲಿ ನಿಂತು, ತೆರೆದ ಕೂಡಲೇ ಕೆಲಸಕ್ಕೆ ಸೇರಿಕೊಂಡಳು.